ಒಂದು ಜಿಂಕೆ ದಾಟಿತಾ? ಎರಡನೆಯದಕ್ಕೆ ಕಾಯಿರಿ

ಚಳಿ ಮುಗಿಯಿತು, ಬೈಕಿನ ಮೇಲಿನ ಹೊದಿಕೆ ತೆಗೆಯುವ ಕಾಲ ಬಂತು. ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇದ್ದದ್ದು ರಸ್ತೆಗೆ ನುಗ್ಗುವ ಪ್ರಾಣಿಗಳ ಬಗ್ಗೆ. ಹಾಗಾಗಿ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ವಸಂತ ಬಂತು ಅಂದ್ರೆ ಪ್ರಾಣಿಗಳು ರಸ್ತೆಗೇ ಯಾಕೆ ಬರುತ್ತವೆ? ಕಾಡು ಇದೆ ಅಲ್ವಾ?

ಹೊಟ್ಟೆಗಾಗಿ. ರಸ್ತೆಯ ಎರಡೂ ಬದಿ ಮರ ಕಡಿದು ಜಾಗ ಬಿಟ್ಟಿರುತ್ತಾರೆ, ಅಲ್ಲಿ ಬಿಸಿಲು ಬೀಳುತ್ತದೆ, ರಸ್ತೆ ಮೇಲಿನ ನೀರೂ ಅಲ್ಲಿಗೇ ಇಳಿಯುತ್ತದೆ. ಹಾಗಾಗಿ ಹೊಸ ಹುಲ್ಲು ಕಾಡಿನ ಒಳಗಿಗಿಂತ ಅಲ್ಲೇ ಮೊದಲು ಚಿಗುರುತ್ತದೆ. ಇನ್ನೊಂದು ಕಾರಣ ಮರಿಗಳದ್ದು. ಎಷ್ಟೋ ಜಾತಿಯ ಜಿಂಕೆಗಳಲ್ಲಿ ತಾಯಿ ಹೊಸ ಮರಿ ಹಾಕುವ ಮುಂಚೆ ಹೋದ ವರ್ಷದ ಮರಿಯನ್ನು ಓಡಿಸಿಬಿಡುತ್ತದೆ. ಆ ಪಾಪದ್ದಕ್ಕೆ ರಸ್ತೆ ಅಂದರೇನು ಅಂತಾನೇ ಗೊತ್ತಿರೋದಿಲ್ಲ, ಎಲ್ಲೆಂದರಲ್ಲಿ ಅಲೆಯುತ್ತದೆ. ಹಾವುಗಳು ಬೆಚ್ಚಗಿರುವ ಡಾಂಬರಿನ ಮೇಲೆ ಮೈ ಕಾಯಿಸಲು ಬರುತ್ತವೆ. ಮಳೆ ಬಿದ್ದ ರಾತ್ರಿ ಕಪ್ಪೆಗಳು ಗುಂಪುಗುಂಪಾಗಿ ಕೆರೆ ಕಡೆ ಹೊರಡುತ್ತವೆ. ಅವುಗಳ ಮೇಲೆ ಹೋದರೆ ಟೈರು ಜಾರುತ್ತದೆ, ನೆನಪಿರಲಿ.

ನಾಲ್ಕು ತಿಂಗಳು ಬೈಕ್ ಮುಟ್ಟದ ನಿಮ್ಮ ಕೈಯನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮೊದಲ ಎರಡು ಮೂರು ರೈಡ್‌ಗಳಲ್ಲಿ ಬ್ರೇಕ್ ಹಿಡಿಯುವ ಅಂದಾಜೇ ತಪ್ಪಿರುತ್ತದೆ. ಖಾಲಿ ಜಾಗ ನೋಡಿ ಹತ್ತು ಸಲ ಜೋರಾಗಿ ಬ್ರೇಕ್ ಹಾಕಿ ನೋಡಿ, ಆಮೇಲೆ ದೂರ ಹೊರಡಿ.

ಪ್ರಶ್ನೆ: ರಾತ್ರಿ 80ರಲ್ಲಿ ಹೋಗುತ್ತೇನೆ. ಹೆಡ್‌ಲೈಟ್ ಚೆನ್ನಾಗಿದೆ. ಸಾಲದಾ?

ಲೆಕ್ಕ ಹಾಕೋಣ. 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಕಣ್ಣು ನೋಡಿ, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತು ಅಂದುಕೊಳ್ಳಿ. ಬ್ರೇಕ್ ತಾಗುವ ಮುಂಚೆಯೇ 33 ಮೀಟರ್ ಮುಗಿಯಿತು. ಒಣ ರಸ್ತೆ, ಒಳ್ಳೆ ಟೈರು ಇದ್ದರೂ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 70. ಲೋ ಬೀಮ್‌ನಲ್ಲಿ ಅಷ್ಟು ದೂರದ ಕಂದು ಬಣ್ಣದ ಪ್ರಾಣಿ ಕಾಣುವುದು ಕಷ್ಟ. ಅದೇ 60ಕ್ಕೆ ಇಳಿಸಿ, 45 ಮೀಟರಿನಲ್ಲಿ ನಿಲ್ಲುತ್ತೀರಿ. ನನ್ನ ಪ್ರಕಾರ ರಾತ್ರಿ ಕಾಡುದಾರಿಗೆ ಸ್ಪೀಡು ತೀರ್ಮಾನ ಮಾಡೋದು ಎಂಜಿನ್ನೂ ಅಲ್ಲ, ಬೋರ್ಡೂ ಅಲ್ಲ. ಲೈಟು ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗಬೇಕು.

ಎದುರಿಗೆ ಯಾರೂ ಇಲ್ಲದಾಗ ಹೈ ಬೀಮ್ ಹಾಕಿ. ಜಿಂಕೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ, ಬೆಳಕು ಬಿದ್ದರೆ ಹೊಳೆಯುತ್ತದೆ. ಆದರೆ ಅದು ನಿಮ್ಮ ಕಡೆ ನೋಡುತ್ತಿದ್ದರೆ ಮಾತ್ರ. ಮುಖ ಆ ಕಡೆ ಇದ್ದರೆ ಹೊಳಪೇ ಇಲ್ಲ. ನಾನು ಬಳಸುವ ಇನ್ನೊಂದು ಗುರುತು ಇದೆ. ರಸ್ತೆ ಬದಿ ಸಾಲಾಗಿ ಹೊಳೆಯುವ ರಿಫ್ಲೆಕ್ಟರ್‌ಗಳಲ್ಲಿ ಒಂದು ಥಟ್ಟನೆ ಆರಿ ಮತ್ತೆ ಹೊತ್ತಿದರೆ, ಅದರ ಮುಂದೆ ಏನೋ ನಡೆದುಹೋಯಿತು ಅಂತ ಅರ್ಥ. ನಸುಕು ಮತ್ತು ಮುಸ್ಸಂಜೆ ಇನ್ನೂ ಕಷ್ಟ. ಪ್ರಾಣಿಗಳು ಜಾಸ್ತಿ ಓಡಾಡುವ ಹೊತ್ತು ಅದು, ನಮ್ಮ ಕಣ್ಣಿಗೆ ಮಾತ್ರ ಲೈಟೂ ಸಾಲದು, ಬೆಳಕೂ ಸಾಲದು. ಗೀರು ಬಿದ್ದ ವೈಸರ್ (ಹೆಲ್ಮೆಟ್ ಮುಂದಿನ ಗಾಜು) ಹಾಕಿಕೊಂಡು ಸೂರ್ಯನ ಎದುರು ಹೋದರಂತೂ ಕೇಳೋದೇ ಬೇಡ.

ಪ್ರಶ್ನೆ: ಎದುರಿಗೆ ಬಂದೇಬಿಟ್ಟರೆ ಪಕ್ಕಕ್ಕೆ ತಪ್ಪಿಸಲಾ, ಬ್ರೇಕ್ ಹಾಕಲಾ?

ಬ್ರೇಕ್. ನೇರವಾಗಿ, ಬೈಕ್ ವಾಲಿಸದೆ. ಟೈರಿಗೆ ಇರುವ ಹಿಡಿತ ಇಷ್ಟೇ ಅಂತ ಇದೆ, ಅದನ್ನು ವಾಲಿಸಲು ಖರ್ಚು ಮಾಡಿದರೆ ಬ್ರೇಕಿಗೆ ಉಳಿಯುವುದು ಕಡಿಮೆ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಈ ಲೆಕ್ಕ ಬದಲಾಗಲ್ಲ. ಜತೆಗೆ, ನೀವು ತಪ್ಪಿಸಿಕೊಂಡು ಹೋದ ಕಡೆ ಮರವೋ ಎದುರಿನ ಲಾರಿಯೋ ಇರಬಹುದು.

ನನಗೇ ಆದದ್ದು ಹೇಳುತ್ತೇನೆ. ಸಂಜೆ ಹೊತ್ತು, ಎಡಗಡೆ ಪೊದೆಯಿಂದ ಒಂದು ಜಿಂಕೆ ನೆಗೆದು ದಾಟಿತು. ನಿಧಾನ ಮಾಡಿದೆ, ಸದ್ಯ ಹೋಯಿತಲ್ಲ ಅಂತ ಅದು ಮರೆಯಾದ ಕಡೆಯೇ ನೋಡುತ್ತಾ ಎಕ್ಸಲರೇಟರ್ ತಿರುಗಿಸಿದೆ. ಅಷ್ಟರಲ್ಲಿ ಎರಡನೆಯದು. ರಸ್ತೆ ನಡುವೆ ಬ್ರೇಕ್ ಸದ್ದಿಗೋ ಏನೋ ಬೆದರಿತು, ಹಿಂಗಾಲು ಡಾಂಬರಿನ ಮೇಲೆ ಜಾರಿತು, ಗೊರಸು ಪರಪರ ಕೆರೆದ ಸದ್ದು ಹೆಲ್ಮೆಟ್ ಒಳಗೂ ಕೇಳಿಸಿತು. ಕುಸಿದು, ಎದ್ದು, ಬಂದ ದಾರಿಗೇ ವಾಪಸ್ ತಿರುಗಿತು. ಅದರ ಹಿಂದಿನಿಂದ ನುಸುಳೋಣ ಅಂತ ಎಡಕ್ಕೆ ಎಳೆದಿದ್ದರೆ ನೇರ ಹೊಟ್ಟೆಗೇ ಗುದ್ದುತ್ತಿದ್ದೆ. ನಿಂತೆ. ಕೈ ನಡುಗುತ್ತಿತ್ತು. ಮೂರನೆಯದು ಮರಿ, ಆರಾಮಾಗಿ ನನ್ನನ್ನು ನೋಡಿಕೊಂಡೇ ದಾಟಿತು.

ಅವತ್ತಿಂದ ಪೊದೆ ಇರುವ ದಾರಿಯಲ್ಲಿ ನನ್ನ ಎರಡು ಬೆರಳು ಸದಾ ಮುಂದಿನ ಬ್ರೇಕ್ ಲಿವರ್ ಮೇಲೇ ಇರುತ್ತವೆ. ಕಣ್ಣೂ ರಸ್ತೆಗಿಂತ ಅದರ ಅಂಚನ್ನೇ ಜಾಸ್ತಿ ಹುಡುಕುತ್ತದೆ.

ಪ್ರಶ್ನೆ: ಬೈಕಿಗೆ ಹಾಕುವ ಜಿಂಕೆ ಓಡಿಸುವ ಸೀಟಿ ತಗೊಳ್ಳಲಾ?

ಬೇಡ. ಪರೀಕ್ಷೆ ಮಾಡಿ ನೋಡಿದವರಿಗೆ ಜಿಂಕೆಗಳು ಅದಕ್ಕೆ ಕಿವಿಗೊಟ್ಟದ್ದು ಕಾಣಲಿಲ್ಲ. ಆ ದುಡ್ಡಿಗೆ ಹೊಸ ವೈಸರ್ ಹಾಕಿಸಿ.

ಪ್ರಶ್ನೆ: ಅಳಿಲು, ಮೊಲ, ಅಟ್ಟಿಸಿಕೊಂಡು ಬರುವ ನಾಯಿ, ಇವಕ್ಕೆಲ್ಲ ಏನು ಮಾಡೋದು?

ಅಳಿಲಿಗೆ ಪ್ರಾಣ ಕೊಡಬೇಡಿ. ಹೇಳೋಕೆ ಬೇಜಾರು, ಆದರೆ ಅದು ಯಾವ ಕಡೆ ಓಡುತ್ತದೆ ಅನ್ನೋದು ಅದಕ್ಕೇ ಗೊತ್ತಿರಲ್ಲ. ಆದಷ್ಟು ನಿಧಾನ ಮಾಡಿ, ಹ್ಯಾಂಡಲ್ ಗಟ್ಟಿ ಹಿಡಿದು ನೇರ ಹೋಗಿ. ನಾಯಿಯ ಲೆಕ್ಕ ಬೇರೆ. ಅದು ನೀವು ಬರುವ ವೇಗ ನೋಡಿ, ಎಲ್ಲಿ ಸಿಗುತ್ತೀರಿ ಅಂತ ಅಂದಾಜು ಮಾಡಿ ಓಡಿಬರುತ್ತದೆ. ಮೊದಲೇ ಗೇರ್ ಇಳಿಸಿ ನಿಧಾನ ಮಾಡಿ, ಹತ್ತಿರ ಬಂದಾಗ ಒಮ್ಮೆಲೇ ವೇಗ ಹೆಚ್ಚಿಸಿ, ಅದರ ಅಂದಾಜು ತಪ್ಪುತ್ತದೆ. ಒದೆಯಲು ಮಾತ್ರ ಕಾಲು ಎತ್ತಬೇಡಿ, ಬ್ಯಾಲೆನ್ಸ್ ಹೋಗುವುದು ನಿಮ್ಮದೇ. ಇನ್ನು ರಸ್ತೆಯಲ್ಲಿ ಸತ್ತ ಪ್ರಾಣಿ ಬಿದ್ದಿದ್ದು, ಅದರ ಮೇಲೆ ಹದ್ದೋ ರಣಹದ್ದೋ ಕೂತಿದ್ದರೆ ದೂರದಿಂದಲೇ ನಿಧಾನ. ದೊಡ್ಡ ಹಕ್ಕಿಗಳು ಕೊನೇ ಗಳಿಗೆಗೆ ಏಳುತ್ತವೆ, ಎದ್ದರೂ ಮೊದಲು ಎದೆಯ ಎತ್ತರಕ್ಕೇ ಹಾರುತ್ತವೆ.

ಪ್ರಶ್ನೆ: ಗುಂಪಲ್ಲಿ ಹೋದರೆ ಸೇಫ್ ಅಲ್ವಾ? ಮುಂದಿನವನು ನೋಡಿಕೊಳ್ಳುತ್ತಾನೆ.

ಮುಂದಿನವನು ದಾಟಿ ಹೋದ ಮೇಲೆ ಬೆದರಿದ ಪ್ರಾಣಿ ನುಗ್ಗುವುದು ನಿಮ್ಮ ಮುಂದೆ. ಅಂತರ ಬಿಡಿ, ಅಕ್ಕಪಕ್ಕ ಜೋಡಿಯಾಗಿ ಹೋಗಬೇಡಿ.

ಪ್ರಶ್ನೆ: ಡಿಕ್ಕಿ ಆಗಿಯೇಬಿಟ್ಟರೆ?

ಮೊದಲು ನಿಮ್ಮ ಕೈಕಾಲು ನೋಡಿಕೊಳ್ಳಿ, ರಸ್ತೆಯಿಂದ ಈಚೆ ಬನ್ನಿ. ಆಗುವುದಾದರೆ ಬೈಕೂ ಪಕ್ಕಕ್ಕೆ. ಹಜಾರ್ಡ್ ಲೈಟ್ ಇದ್ದರೆ ಹಾಕಿ, ಇಲ್ಲದಿದ್ದರೆ ಇಂಡಿಕೇಟರ್ ಆದರೂ ಮಿನುಗುತ್ತಿರಲಿ. ಗಾಯ ಆದ ಪ್ರಾಣಿಯ ಹತ್ತಿರ ಹೋಗಬೇಡಿ, ನೀರು ಕುಡಿಸೋಣ ಅಂತಲೂ ಬೇಡ. ನೋವಿನಲ್ಲಿ ಒದೆಯುತ್ತದೆ, ಕಾಡುಹಂದಿಯಾದರೆ ತಿವಿಯುತ್ತದೆ. ಪೊಲೀಸರಿಗೋ ಅರಣ್ಯದವರಿಗೋ ಫೋನ್ ಮಾಡಿ. ಸ್ಟಾರ್ಟ್ ಆಯಿತು ಅಂತ ಸುಮ್ನೆ ಹತ್ತಿ ಹೊರಡಬೇಡಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಾಗಿದೆಯಾ, ಬ್ರೇಕ್ ಆಯಿಲ್ ಸೋರುತ್ತಿದೆಯಾ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯಾ ನೋಡಿ. ಒಂದರಲ್ಲಿ ಅನುಮಾನ ಬಂದರೂ ಬೈಕನ್ನು ಗಾಡಿಯಲ್ಲಿ ಹಾಕಿಸಿಕೊಂಡು ಹೋಗಿ.