ಹಾಕಿ ಆಟಗಾರ್ತಿಯಾಗಲು ಕಾರವಾರದ ಹುಡುಗಿ ಊರು ಬಿಡಲೇಬೇಕೇ?

ಆರಂಭಕ್ಕೆ ಬೇಡ, ಆದರೆ ಹೈಸ್ಕೂಲಿನ ಹೊತ್ತಿಗೆ ಟರ್ಫ್, ಅಂದರೆ ಕೃತಕ ಹುಲ್ಲುಹಾಸು, ಇರುವಲ್ಲಿಗೆ ಹೋಗಲೇಬೇಕು. ಕಾರಣ ಚೆಂಡಿನ ಓಟ. ನಮ್ಮ ಚಿರೇಕಲ್ಲಿನ ಕೆಂಪು ಮಣ್ಣಿನ ಮೈದಾನದಲ್ಲಿ ಚೆಂಡು ಹರಳಿಗೆ ತಾಗಿ ಪುಟಿಯುತ್ತದೆ, ಮಳೆಗಾಲದಲ್ಲಿ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಹಾಗಾಗಿ ಕೈ ಚೆಂಡಿಗಾಗಿ ಕಾದು ಹೊಡೆಯುವುದನ್ನು ಕಲಿಯುತ್ತದೆ. ಟರ್ಫ್‌ಗೆ ನೀರುಣಿಸಿದರೆ ಚೆಂಡು ನೆಲಕ್ಕಂಟಿಕೊಂಡೇ ಸರ್ರನೆ ಬರುತ್ತದೆ, ಕಾಯಲು ಪುರಸೊತ್ತೇ ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಮಟ್ಟದ ಹಾಕಿ ಈ ಹುಲ್ಲುಹಾಸಿಗೇ ಹೊರಳಿತು.

ಹರಿಯಾಣದ ಶಾಹಾಬಾದ್‌ನಲ್ಲಿ ಗಾಡಿ ಎಳೆದು ಸಂಸಾರ ಸಾಕಿದವರ ಮಗಳು, ಹಾಕಿ ಆಟಗಾರ್ತಿ ರಾಣಿ ರಾಂಪಾಲ್, ಆರಂಭ ಊರಲ್ಲೇ ಸಾಧ್ಯ ಎಂಬುದಕ್ಕೆ ಸಾಕ್ಷಿ. ಮುರಿದ ಸ್ಟಿಕ್ ಹಿಡಿದು ಕಲಿತ ಆಕೆ 2010ರ ವಿಶ್ವಕಪ್ ಆಡಿದಾಗ ವಯಸ್ಸು ಬರೀ 15! ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯದಾದಾಗ ಅವರೇ ನಾಯಕಿ. ನಿಮ್ಮ ಮಗಳಿಗೆ ಹನ್ನೆರಡು ದಾಟಿದ್ದರೆ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಈ ವರ್ಷವೇ ಕರೆದೊಯ್ಯಿರಿ.