ಸ್ಟ್ರೈಕ್ ಕೂಗುವ ಮೊದಲು ಉಗುಳು ನುಂಗಿ

ನಿಮ್ಮ ವಿಡಿಯೊ ಮೂರು ಸಲ ನೋಡಿದೆ. ಮಕ್ಕಳ ಬೇಸ್‌ಬಾಲ್ ಲಿಟಲ್ ಲೀಗ್‌ನಲ್ಲಿ ಮೊದಲ ಸಲ ಅಂಪೈರ್ ಆಗಿ ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ) ಹಿಂದೆ ನಿಂತಿದ್ದೀರಿ, ಸಂತೋಷ. ಆದರೆ ಬಾಲ್ ಕ್ಯಾಚರ್ ಗ್ಲೌಸಿಗೆ ಬೀಳುವ ಮೊದಲೇ ಸ್ಟ್ರೈಕ್, ಅಂದರೆ ಎಸೆತ ಸರಿ ಇದೆ, ಅಂತ ನಿಮ್ಮ ಕೈ ಮೇಲಿದೆ! ಸಾಲದ್ದಕ್ಕೆ "ಕೋಚ್ ಜಗಳಕ್ಕೆ ಬಂದ, ನಾನೂ ಬಿಡಲಿಲ್ಲ, ಹಳೇ ಅಂಪೈರ್‌ಗಳನ್ನು ನೋಡಿ ಕಲಿತಿದ್ದೇನೆ" ಅಂತ ಬರೆದಿದ್ದೀರಿ. ನಾನೂ ಹಾಗೇ ಕಲಿತು ಕೆಟ್ಟವನು.

ನನ್ನ ತಲೆ ಕೆಡಿಸಿದ್ದು ಬಿಲ್ ಕ್ಲೆಮ್. 1905ರಿಂದ 1941ರವರೆಗೆ ಅಮೆರಿಕದ ನ್ಯಾಷನಲ್ ಲೀಗ್ ಅಂಪೈರ್. ತಂಡದ ಮ್ಯಾನೇಜರ್ ವಾದ ಜಾಸ್ತಿ ಆದರೆ ಬೂಟಿನ ತುದಿಯಲ್ಲಿ ಮಣ್ಣಿಗೆ ಗೆರೆ ಎಳೆದು ಬೆನ್ನು ತಿರುಗಿಸಿ ಹೋಗುತ್ತಿದ್ದರು. ದಾಟಿದರೆ ಆಟದಿಂದ ಆಚೆ. ಒಂದು ಶನಿವಾರ ಹನ್ನೊಂದು ವರ್ಷದ ಮಕ್ಕಳ ಪಂದ್ಯದಲ್ಲಿ ನಾನೂ ಎಳೆದೆ ಲಕ್ಷ್ಮಣ ರೇಖೆ. ಕೋಚ್ ಗೆರೆ ನೋಡಿದರು, ನನ್ನ ಮುಖ ನೋಡಿದರು, ಬೂಟಿನಿಂದ ಅದನ್ನು ಉಜ್ಜಿಬಿಟ್ಟರು. ಆಟಗಾರರು ಕೂರುವ ಡಗೌಟ್ ಪೂರ್ತಿ ನಗು. ಆಮೇಲೆ ಶಾರ್ಟ್‌ಸ್ಟಾಪ್ ಜಾಗದಲ್ಲಿ ಫೀಲ್ಡಿಂಗ್ ಮಾಡುವ ಹುಡುಗ ಪ್ರತಿ ಇನ್ನಿಂಗ್ಸ್‌ಗೂ ಒಂದು ಗೆರೆ ಎಳೆದು, ನನ್ನ ಕಡೆ ನೋಡಿ, ದಾಟುತ್ತಿದ್ದ. ಕೋಚ್ ಕೋಪಕ್ಕೆ ಕಾರಣ ಏನು ಗೊತ್ತಾ? ನನ್ನ ಅವಸರದ ಕೈ.

ಮ್ಯಾನೇಜರ್ ಅರ್ಲ್ ವೀವರ್, ಅಂಪೈರ್ ಬಿಲ್ ಹಾಲರ್ ಜಗಳದ 1980ರ ವಿಡಿಯೊ ನೀವೂ ನೋಡಿರುತ್ತೀರಿ. ಹಾಲರ್ ಮೈಕ್ ಹಾಕಿಕೊಂಡಿದ್ದ ದಿನ. ಬಾಕ್ (ಬಾಲ್ ಎಸೆಯುವ ಪಿಚರ್‌ನ ನಿಯಮ ಮೀರಿದ ಚಲನೆ) ಕೊಟ್ಟಿದ್ದಕ್ಕೆ ಶುರುವಾಗಿ, ಸ್ವಲ್ಪ ಹೊತ್ತಿಗೇ ಯಾರು ಯಾರನ್ನು ಮುಟ್ಟಿದರು, ಯಾರು ಸುಳ್ಳ ಅನ್ನೋದೇ ಮಾತು. ವೀವರ್‌ನ 90ಕ್ಕೂ ಹೆಚ್ಚು ಸಲ ಆಚೆ ಕಳಿಸಿದ್ದರು, ಅವರಿಗೆ ಅದು ಅಭ್ಯಾಸವಾಗಿತ್ತು. ಟೋಪಿ ಅಂಚು ಅಂಪೈರ್‌ಗೆ ತಗಲಬಾರದು ಅಂತ ತಿರುಗಿಸಿ ಹಾಕಿಕೊಂಡೇ ಬರುತ್ತಿದ್ದ ಆಸಾಮಿ! ನಿಮಗೆ ಯಾಕೆ ಸ್ವಾಮಿ ಅದು?

ಕಲಿಯಲೇಬೇಕು ಅಂದರೆ ಅಂಪೈರ್ ಡಗ್ ಹಾರ್ವಿ ಕಥೆಯಿಂದ ಕಲಿಯಿರಿ. ಹೊಸದರಲ್ಲಿ ಹೆಸರಾಂತ ಬ್ಯಾಟರ್ ಸ್ಟಾನ್ ಮ್ಯೂಸಿಯಲ್‌ಗೆ ಹೀಗೇ ಬೇಗ ಸ್ಟ್ರೈಕ್ ಕೊಟ್ಟರಂತೆ, ಬಾಲ್ ಕೊನೇ ಗಳಿಗೆಯಲ್ಲಿ ಹೊರಕ್ಕೆ ತಿರುಗಿತಂತೆ. ಮ್ಯೂಸಿಯಲ್ ಕೂಗಾಡಲಿಲ್ಲ. ಯಾವ ಲೀಗ್ ಆದರೂ ಪ್ಲೇಟ್ ಅಗಲ 17 ಇಂಚೇ ಅಂತ, ಹಿಂದೆ ತಿರುಗದೆ ಮೆಲ್ಲಗೆ ಅಂದರು. ಹಾರ್ವಿಯೇ ಹೇಳುತ್ತಿದ್ದ ಕಥೆ. ಅವತ್ತಿನಿಂದ ತಡೆದು ಹೇಳುವುದು ರೂಢಿಯಾಗಿ, 1992ರವರೆಗೆ ನಿಂತರು. ನಮ್ಮವರಿಗೆ ಕ್ರಿಕೆಟ್ ಅಂಪೈರ್ ಸ್ಟೀವ್ ಬಕ್ನರ್ ಅಂದರೆ ಬೇಗ ಅರ್ಥ ಆಗುತ್ತೆ, ಅಲ್ವಾ? ಬೆರಳು ಎತ್ತುವಷ್ಟರಲ್ಲಿ ಒಂದು ಕಾಫಿ ಕುಡಿಯಬಹುದಿತ್ತು.

ನನ್ನ ಉಪಾಯ ಒಂದೇ. ಬಾಲ್ ಗ್ಲೌಸಿಗೆ ಬಿದ್ದ ಮೇಲೆ ಉಗುಳು ನುಂಗಿ, ಆಮೇಲೆ ಕೂಗಿ. ನುಂಗುವುದು ಒಂದೇ ಸಲ, ಎರಡು ಸಲ ನುಂಗಿದರೆ ಅನುಮಾನ ಅಂತ ಕಾಣುತ್ತೆ. ಫೌಲ್ ಬಾಲ್‌ಗೆ (ಹೊಡೆತ ಗೆರೆಯಾಚೆ ಹೋದರೆ) ಇದು ನಡೆಯಲ್ಲ, ತಕ್ಷಣ ಕೈ ಎತ್ತಬೇಕು. ಫಸ್ಟ್ ಬೇಸ್‌ನಲ್ಲಿ ಕಣ್ಣು ಓಟಗಾರನ ಕಾಲ ಮೇಲೆ, ಬಾಲ್‌ಗೆ ಕಿವಿ ಸಾಕು. ಗಲಾಟೆ ಇದ್ದರೆ ಕಿವಿಯನ್ನೂ ನಂಬಬೇಡಿ.

ಕೋಚ್ ಬಂದರೆ ಮಾತಾಡಬೇಡಿ, ಬ್ರಷ್ ತೆಗೆದು ಪ್ಲೇಟ್ ಒರೆಸಿ. ಪಿಚರ್ ಕಡೆ ಬೆನ್ನು ಮಾಡಿ, ಪ್ರೇಕ್ಷಕರ ಕಡೆ ಅಲ್ಲ. ಮಾಸ್ಕ್ ಆಲ್-ಸ್ಟಾರ್ ಕಂಪನಿಯದು ತಗೊಳ್ಳಿ, ಹಗುರ. ವಿಲ್ಸನ್ ಚರ್ಮದ ಪ್ಯಾಡ್ ನನಗೆ ಇನ್ನೂ ಇಷ್ಟ, ಬೆವರು ಒಣಗಿಸಿಟ್ಟರೆ ಮಾತ್ರ. ಎಸೆತ ಎಣಿಸುವ ಇಂಡಿಕೇಟರ್ ಅಗ್ಗದ ಪ್ಲಾಸ್ಟಿಕ್‌ನದು ಬೇಡವೇ ಬೇಡ, ಒದ್ದೆ ಬೆರಳಿಗೆ ಚಕ್ರ ಜಾರಿ ಎರಡು 'ಬಾಲ್' (ಸ್ಟ್ರೈಕ್ ಅಲ್ಲದ ಎಸೆತ) ಮೂರಾಗುತ್ತೆ.

ಇನ್ನೊಂದು, ನಿಮ್ಮ ಮಗ ಆಡುವ ಪಂದ್ಯಕ್ಕೆ ನಿಲ್ಲಬೇಡಿ. ಮತ್ತೆ ಮಾಸ್ಕ್ ಎಡಗೈಯಲ್ಲಿ ತೆಗೆಯಿರಿ. ನೀವು ಬಲಗೈಯಲ್ಲಿ ಕಿತ್ತು, ಟೋಪಿ ಕ್ಯಾಚರ್ ಕಾಲ ಬುಡದಲ್ಲಿ ಬಿತ್ತು ನೋಡಿ, ವಿಡಿಯೊ ಕೊನೇಲಿ.