ನೀರು ಬರುವ ಹೊತ್ತಿಗೆ ಬೆರಳು ಮಡಚುವುದಿಲ್ಲ

ಪ್ರಶ್ನೆ: ಡಾಕ್ಟರೇ, ನಾವು ಉಡುಪಿ ಕಡೆಯವರು, ಇರುವುದು ಡೊಂಬಿವಲಿಯಲ್ಲಿ. ನನಗೆ 38 ವರ್ಷ. ಯಜಮಾನರು ಘಾಟ್‌ಕೋಪರ್‌ನಲ್ಲಿ ಒಂದು ಹೋಟೆಲಿನ ಕೌಂಟರ್ ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ಐದಕ್ಕೆ ಹೊರಟರೆ ವಾಪಸ್ ಬರುವುದು ರಾತ್ರಿಯೇ. ಮಗಳು ಹತ್ತನೇ ಕ್ಲಾಸು, ಮಗ ಮೂರನೇದು, ಜೊತೆಗೆ ಅತ್ತೆ ಇದ್ದಾರೆ. ಕಳೆದ ವರ್ಷ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಹೇಳಿದರು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ಇದೆ. ಭಾನುವಾರ ರಾತ್ರಿ ತಗೊಂಡರೆ ಸೋಮವಾರ ಇಡೀ ದಿನ ಹೊಟ್ಟೆ ತೊಳಸುತ್ತದೆ, ಅದಕ್ಕೆ ಈಚೆಗೆ ಆಗಾಗ ಬಿಟ್ಟುಬಿಡುತ್ತಿದ್ದೇನೆ. ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಬೆಳಿಗ್ಗೆ ಆರಕ್ಕೆ, ಮುಕ್ಕಾಲು ಗಂಟೆ ಅಷ್ಟೆ. ಆಗ ನನಗೆ ಬೆರಳು ಮಡಚುವುದಕ್ಕೇ ಆಗುವುದಿಲ್ಲ, ಬಕೆಟ್ ಎಲ್ಲಿ ಎತ್ತಲಿ? ಅದರ ಮಧ್ಯೆ ಚಪಾತಿ, ಡಬ್ಬಿ, ಮಗನ ಯೂನಿಫಾರ್ಮ್ ಗುಂಡಿ. ಹನ್ನೊಂದರ ಮೇಲೆ ಸ್ವಲ್ಪ ಸರಿ ಹೋಗುತ್ತದೆ, ಆಗ ಸೀರೆಗೆ ಫಾಲ್ ಹಾಕುವ ಕೆಲಸ ಮಾಡುತ್ತೇನೆ. ಅತ್ತೆ "ಗಂಟು ನೋವು ನನಗೂ ಉಂಟು, ನಾನೇನು ಮಲಗಿದ್ದೇನಾ" ಅನ್ನುತ್ತಾರೆ. ಪಕ್ಕದ ಮನೆಯವರು ಒಂದು ಪುಡಿ ತಂದುಕೊಟ್ಟಿದ್ದಾರೆ, ನಾಲ್ಕು ದಿನದಲ್ಲಿ ನೋವು ಮಾಯವಂತೆ. ಹುಳಿ, ಬದನೆ ಬಿಡಬೇಕಾ? ಮಗಳಿಗೂ ಇದು ಬರುತ್ತದಾ? ಸುಮ್ನೆ ಸುಮ್ನೆ ಮಕ್ಕಳ ಮೇಲೆ ಕೂಗಾಡುತ್ತೇನೆ, ಆಮೇಲೆ ಒಬ್ಬಳೇ ಅಳುತ್ತೇನೆ.

ಉತ್ತರ: ಮೊದಲು ಮಾತ್ರೆಯ ವಿಷಯ ಮುಗಿಸೋಣ ತಾಯಿ. ನೀರು, ಡಬ್ಬಿ, ಅತ್ತೆ ಎಲ್ಲ ಆಮೇಲೆ. ಮಾತ್ರೆ ಸರಿಯಾಗದೆ ಉಳಿದದ್ದು ಯಾವುದೂ ಸರಿಯಾಗುವುದಿಲ್ಲ.

ನಿಮ್ಮದು ಬರೀ ನೋವಿನ ಕಾಯಿಲೆ ಅಲ್ಲ. ರೋಗದಿಂದ ನಮ್ಮನ್ನು ಕಾಯಬೇಕಾದ ದೇಹದ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬಿದ್ದಿದೆ. ಅಲ್ಲಿ ಊತ ಹಾಗೇ ಉಳಿದರೆ ಪಕ್ಕದ ಎಲುಬು ಸವೆಯುತ್ತದೆ, ಬೆರಳು ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಈ ಹಾನಿ ಜಾಸ್ತಿ ಶುರುವಾಗುವುದು ಮೊದಲ ಎರಡು ವರ್ಷಗಳಲ್ಲೇ. ನೀವು ಈಗ ಅದೇ ಹೊತ್ತಿನಲ್ಲಿ ಇದ್ದೀರಿ. ಮೆಥೊಟ್ರೆಕ್ಸೇಟ್ ನೋವಿನ ಮಾತ್ರೆ ಅಲ್ಲ, ತಗೊಂಡ ದಿನವೇ ಏನೂ ಗೊತ್ತಾಗುವುದಿಲ್ಲ, ಅದು ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಒಂದು ವಾರ ತಗೊಂಡು ಇನ್ನೊಂದು ವಾರ ಬಿಟ್ಟರೆ ಹೊಟ್ಟೆ ತೊಳಸುವುದು ಮಾತ್ರ ಉಳಿಯುತ್ತದೆ, ಉಪಯೋಗ ಕೈಗೆ ಸಿಗುವುದಿಲ್ಲ.

ಹೊಟ್ಟೆ ತೊಳಸುವುದಕ್ಕೆ ದಾರಿ ಇದೆ, ಅದನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ದಿನವನ್ನು ಶನಿವಾರ ರಾತ್ರಿಗೆ ಬದಲಾಯಿಸಬಹುದಾ (ಭಾನುವಾರ ಶಾಲೆ ಇಲ್ಲ, ಡಬ್ಬಿ ಇಲ್ಲ, ಆ ದಿನ ನೀವು ಮಲಗಿದರೆ ಮನೆ ನಿಲ್ಲುವುದಿಲ್ಲ), ಫೋಲಿಕ್ ಆಸಿಡ್ (ಮೆಥೊಟ್ರೆಕ್ಸೇಟ್‌ನ ತೊಂದರೆ ತಗ್ಗಿಸಲು ಕೊಡುವ ವಿಟಮಿನ್ ಮಾತ್ರೆ) ಎಷ್ಟು, ಯಾವ ದಿನ, ಮತ್ತು ಇಷ್ಟಕ್ಕೂ ತಡೆಯದಿದ್ದರೆ ಮಾತ್ರೆ ಬದಲು ಚರ್ಮದ ಕೆಳಗೆ ಕೊಡುವ ಇಂಜೆಕ್ಷನ್ ಆಗುತ್ತದಾ. ಇಂಜೆಕ್ಷನ್‌ನಲ್ಲಿ ಎಷ್ಟೋ ಜನಕ್ಕೆ ಹೊಟ್ಟೆಯ ತೊಂದರೆ ಕಡಿಮೆ ಆಗುತ್ತದೆ. ಎಷ್ಟು ಸಲ ಬಿಟ್ಟಿದ್ದೀರಿ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಇಲ್ಲದಿದ್ದರೆ ಔಷಧಿ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಅವರು ಇನ್ನೂ ಜೋರಿನದು ಬರೆದುಕೊಡುತ್ತಾರೆ.

ಇದನ್ನು ನಾನು ನೋಡುವ ಪ್ರತಿ ಮನೆಯವರಿಗೂ ಹೇಳುತ್ತೇನೆ: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತಗೊಂಡರೆ ಬಾಯಿ ಹುಣ್ಣಾಗುತ್ತದೆ, ರಕ್ತದ ಕಣಗಳು ಬಿದ್ದುಹೋಗುತ್ತವೆ, ಪ್ರಾಣಕ್ಕೇ ಕುತ್ತು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರದ ಮೇಲೆ ಕೆಂಪು ಪೆನ್ನಲ್ಲಿ 'ಮ' ಅಂತ ಬರೆದಿಡಿ, ತಗೊಂಡ ಮೇಲೆ ಗೀಟು ಹಾಕಿ. ಮಾತ್ರೆಯ ಶೀಟನ್ನು ಅತ್ತೆಯ ಬಿಪಿ ಮಾತ್ರೆ ಇರುವ ಡಬ್ಬಿಯಲ್ಲಿ ಇಡಬೇಡಿ. ರಕ್ತಕಣ, ಲಿವರ್, ಕಿಡ್ನಿ ಪರೀಕ್ಷೆ ಹೇಳಿದ ಹೊತ್ತಿಗೆ ಆಗಲೇಬೇಕು. ಕಾಯಿಲೆ ಹದಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸಾಕಾಗುತ್ತದೆ. ಖರ್ಚಿನ ಚಿಂತೆ ಇದ್ದರೆ ಪರೇಲ್‌ನ ಕೆ.ಇ.ಎಂ. ಅಥವಾ ಸಾಯನ್ ಆಸ್ಪತ್ರೆಯಲ್ಲಿ ಕೇಸ್ ಪೇಪರ್ (ಹೆಸರು ನೋಂದಾಯಿಸುವ ಚೀಟಿ) ಮಾಡಿಸಿ, ಎರಡೂ ಪಾಲಿಕೆಯವು. ಹೋಗುವಾಗ ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯಿರಿ, ಕೂರಲು ಜಾಗ ಸಿಗುತ್ತದೆ. ಊದಿದ ಮಣಿಕಟ್ಟಿನಲ್ಲಿ ಮೇಲಿನ ಹಿಡಿಗೆ ಜೋತುಬಿದ್ದು ಅಷ್ಟು ದೂರ ಹೋಗುವುದು ಬೇಡ.

ಇನ್ನು ಆ ಪುಡಿ. ದಯವಿಟ್ಟು ಮುಟ್ಟಬೇಡಿ. ಹೆಸರಿಲ್ಲ, ಒಳಗೆ ಏನಿದೆ ಅಂತ ಬರೆದಿಲ್ಲ, ನಾಲ್ಕೇ ದಿನದಲ್ಲಿ ನೋವು ಮಾಯ ಅಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಸಾಧ್ಯತೆ ಜಾಸ್ತಿ. ಮೊದಲು ಹಿತ ಅನಿಸುತ್ತದೆ. ತಿಂಗಳುಗಟ್ಟಲೆ ತಗೊಂಡರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ಇನ್ನೂ ಅಪಾಯ, ಅಷ್ಟರಲ್ಲಿ ದೇಹ ತಾನೇ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಈಗಾಗಲೇ ಕೆಲವು ವಾರ ತಗೊಂಡಿದ್ದರೆ ನೀವಾಗಿ ನಿಲ್ಲಿಸದೆ, ಪೊಟ್ಟಣದ ಸಮೇತ ಡಾಕ್ಟರ ಹತ್ತಿರ ಹೋಗಿ. ಪಕ್ಕದ ಮನೆಯವರು ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದಾರೆ, ಅವರ ಮೇಲೆ ಬೇಜಾರು ಬೇಡ.

ಈಗ ಬೆಳಗ್ಗೆಯ ಆರು ಗಂಟೆ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಜಾಸ್ತಿ ತಟ್ಟಿದ್ದು ಇದೇ. ರುಮಟಾಯ್ಡ್‌ನಲ್ಲಿ ಕೈ ಬಿಗಿಯುವುದು ಬೆಳಿಗ್ಗೆ ಎದ್ದಾಗಲೇ, ಗಂಟೆಗಟ್ಟಲೆ ಇರುತ್ತದೆ. ನಿಮ್ಮ ಮನೆಯ ಅತಿ ಭಾರದ ಕೆಲಸವೂ ಆ ಹೊತ್ತಿಗೇ ಬಂದು ಕೂತಿದೆ. ನೀವು ಇನ್ನೂ ಬೇಗ ಎದ್ದರೆ, ಇನ್ನೂ ಗಟ್ಟಿ ಮನಸ್ಸು ಮಾಡಿದರೆ ಇದು ಬಗೆಹರಿಯುವುದಿಲ್ಲ. ಆ ಕೆಲಸಗಳನ್ನೇ ಬೆಳಗ್ಗೆಯಿಂದ ಕಿತ್ತು ರಾತ್ರಿಗೋ ಮಧ್ಯಾಹ್ನಕ್ಕೋ ಸಾಗಿಸಬೇಕು.

ನೀರಿಗೆ ಒಂದು ಉಪಾಯ. ಪ್ಲಂಬರನ್ನು ಕರೆಸಿ ಡ್ರಮ್ಮಿಗೆ ಫ್ಲೋಟ್ ವಾಲ್ವ್ ಹಾಕಿಸಿ. ಮೇಲಿನ ಟ್ಯಾಂಕಿಯಲ್ಲಿ, ಫ್ಲಶ್‌ನಲ್ಲಿ ಇರುತ್ತದಲ್ಲ, ನೀರು ತುಂಬಿದಾಗ ತೇಲಿ ತಾನೇ ಮುಚ್ಚುವ ಚೆಂಡು, ಅದೇ. ನಲ್ಲಿಯಿಂದ ಡ್ರಮ್ಮಿಗೆ ಪೈಪ್ ಗಟ್ಟಿಯಾಗಿ ಜೋಡಿಸಿದರೆ ರಾತ್ರಿ ಮಲಗುವಾಗಲೇ ನಲ್ಲಿ ತೆರೆದಿಡಬಹುದು. ಆರಕ್ಕೆ ನೀರು ಬರುತ್ತದೆ, ಡ್ರಮ್ ತುಂಬುತ್ತದೆ, ತಾನೇ ನಿಲ್ಲುತ್ತದೆ, ನೀವು ಏಳಬೇಕಾಗಿಯೇ ಇಲ್ಲ. ಮೊದಲ ಒಂದೆರಡು ಬೆಳಿಗ್ಗೆ ಮಗಳು ಪಕ್ಕದಲ್ಲಿ ನಿಂತು ಸರಿಯಾಗಿ ಮುಚ್ಚುತ್ತದಾ ನೋಡಲಿ. ಡ್ರಮ್ಮಿನ ಬುಡಕ್ಕೆ ಒಂದು ನಲ್ಲಿ ಹಾಕಿಸಿದರೆ ಬಗ್ಗಿ ಮೊಗೆಯುವ ಕೆಲಸವೂ ತಪ್ಪುತ್ತದೆ. ತಿರುಗಿಸುವ ನಲ್ಲಿ ಬೇಡ, ಉದ್ದ ಹಿಡಿ ಇರುವುದು ಹಾಕಿಸಿ, ಮುಂಗೈಯಿಂದ ತಳ್ಳಿದರೆ ಸಾಕು.

ಎದ್ದ ಮೇಲೆ ಮೊದಲ ಹತ್ತು ನಿಮಿಷ ನಿಮ್ಮದು. ಅಗಲದ ಪಾತ್ರೆಯಲ್ಲಿ ಬಿಸಿನೀರು (ಕೈ ತಡೆಯುವಷ್ಟು ಮಾತ್ರ), ಅದರಲ್ಲಿ ಎರಡೂ ಕೈ ಮುಳುಗಿಸಿ ನಿಧಾನಕ್ಕೆ ಮುಷ್ಟಿ ಕಟ್ಟಿ, ಬಿಡಿಸಿ. ಪೂರ್ತಿ ಮಡಚದಿದ್ದರೆ ಒತ್ತಾಯ ಮಾಡಬೇಡಿ. ಕೀಲು ಕೆಂಪಾಗಿ ಬಿಸಿಯಾಗಿ ಊದಿದ್ದರೆ ಮಾತ್ರ ಶಾಖ ಬೇಡ, ತಣ್ಣನೆಯ ಬಟ್ಟೆ ಇಡಿ.

ಡಬ್ಬಿಗೆ ಬೆಳಿಗ್ಗೆ ಹಿಟ್ಟು ನಾದುವುದನ್ನು ಬಿಡಿ. ರಾತ್ರಿ ಮಗಳು ನಾದಿ ಫ್ರಿಜ್‌ನಲ್ಲಿಟ್ಟರೂ ಆಯಿತು. ನೀರುದೋಸೆಯಂತೂ ನಿಮಗೆ ಹೇಳಿ ಮಾಡಿಸಿದ್ದು: ಅಕ್ಕಿ ರಾತ್ರಿಯೇ ರುಬ್ಬಿಟ್ಟರೆ ನಾದುವುದೂ ಇಲ್ಲ, ಲಟ್ಟಿಸುವುದೂ ಇಲ್ಲ. ಕುಕ್ಕರ್ ಎತ್ತಿ ಇಳಿಸಬೇಡಿ, ಕಟ್ಟೆಯ ಮೇಲೆ ಜಾರಿಸಿ. ಎತ್ತಲೇಬೇಕಾದರೆ ಎರಡೂ ಅಂಗೈ ಕೊಟ್ಟು ಹಿಡಿಯಿರಿ, ಬೆರಳ ತುದಿಯಲ್ಲಿ ಬೇಡ. ಚಾಕು, ಸೌಟಿನ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಸಣ್ಣ ಹಿಡಿಯನ್ನು ಬಿಗಿಯಾಗಿ ಹಿಡಿದಷ್ಟೂ ಬೆರಳಿಗೆ ಏಟು. ಯೂನಿಫಾರ್ಮಿನ ಗುಂಡಿ ಮಗನೇ ಹಾಕಿಕೊಳ್ಳಲಿ, ಮೂರನೇ ಕ್ಲಾಸಿನ ಹುಡುಗನಿಗೆ ಆಗುತ್ತದೆ. ಲೇಟಾದರೆ ಆಗಲಿ.

ಮನೆಗೆಲಸದವರಿಗೆ ಒಂದೇ ಕೆಲಸಕ್ಕೆ ದುಡ್ಡು ಕೊಡಲು ಆಗುವುದಾದರೆ, ಹೆಚ್ಚಿನವರು ಪಾತ್ರೆಗೆ ಇಟ್ಟುಕೊಳ್ಳುತ್ತಾರೆ. ನೀವು ಹಾಗೆ ಮಾಡಬೇಡಿ. ಬಟ್ಟೆ ಮತ್ತು ನೆಲ ಒರೆಸುವುದನ್ನು ಅವರಿಗೆ ಕೊಡಿ. ನಿಮ್ಮ ಕೈಯನ್ನು ಕೆಡಿಸುವುದು ಹಿಂಡುವುದು, ತಿರುಚುವುದು, ಭಾರ ಎತ್ತುವುದು. ಮಧ್ಯಾಹ್ನ ಬೆಚ್ಚಗಿನ ನೀರಲ್ಲಿ ನಾಲ್ಕು ಪಾತ್ರೆ ತೊಳೆದರೆ ಕೈಗೆ ಒಂಥರಾ ಹಿತವೇ ಆಗುತ್ತದೆ. ಫಾಲ್ ಹಾಕುವುದನ್ನು ಬಿಡಿ ಅನ್ನುವುದಿಲ್ಲ, ಆ ದುಡ್ಡು ನಿಮ್ಮದೇ ಸಂಪಾದನೆ. ಆದರೆ ಒಂದೇ ಕೂತಲ್ಲಿ ಸೀರೆ ಮುಗಿಸಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಸೂಜಿ ಇಟ್ಟು ಬೆರಳು ಬಿಡಿಸಿ. ಊತ ಇರುವ ದಿನ ಸೂಜಿ ಹಿಡಿಯಲೇಬೇಡಿ.

ಅತ್ತೆಯ ಮಾತು ನೋಯಿಸುತ್ತದೆ, ಗೊತ್ತು. ಆದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೂ ನೋವಿದೆ. ಆ ವಯಸ್ಸಿಗೆ ಅವರದು ಬಹುಶಃ ಸವೆತದ ಮಂಡಿನೋವು: ನಡೆದಷ್ಟೂ ಜಾಸ್ತಿ, ಕೂತರೆ ಕಡಿಮೆ, ಬೆಳಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಹೋಗುತ್ತದೆ. ನಿಮ್ಮದು ಇದಕ್ಕೆ ಉಲ್ಟಾ, ಸುಮ್ಮನೆ ಇದ್ದಷ್ಟೂ ಬಿಗಿ, ಜೊತೆಗೆ ಇಡೀ ಮೈಗೆ ಸುಸ್ತು. ಆ ಸುಸ್ತು ಸೋಮಾರಿತನ ಅಲ್ಲ, ಕಾಯಿಲೆಯದೇ ಭಾಗ. ಇದನ್ನು ನೀವು ಹೇಳಿದರೆ ವಾದ ಆಗುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಎಷ್ಟೋ ಮನೆಗಳಲ್ಲಿ ಅದೊಂದು ಭೇಟಿಯ ಮೇಲೆ ಮಾತು ಮೆತ್ತಗಾಗಿದ್ದನ್ನು ನಾನು ಕಂಡಿದ್ದೇನೆ.

ಇನ್ನೊಂದು ವಿಷಯ ನೋಡಿ. ಅವರಿಗೆ ಮಂಡಿ ಆಗದಿದ್ದರೂ ಕೈ ಚೆನ್ನಾಗಿದ್ದರೆ, ಕೂತು ಮಾಡುವ ಕೆಲಸ ಅವರ ಕೈಯಲ್ಲಿ ನಡೆಯುತ್ತದೆ: ಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು. ಅಂಗಡಿಗೆ ಹೋಗುವುದು, ಅವರ ಮಾತ್ರೆ ತರುವುದು, ಶಾಲೆಯ ಮೀಟಿಂಗು ನಿಮ್ಮ ಪಾಲಿಗಿರಲಿ. ಕೇಳುವಾಗ "ನನಗೆ ಆಗುವುದಿಲ್ಲ" ಅನ್ನುವುದಕ್ಕಿಂತ "ಅತ್ತೆ, ಕಾಯಿ ತುರಿದುಕೊಟ್ಟರೆ ನಿಮ್ಮ ಕ್ಲಿನಿಕ್ಕಿಗೆ ನಾನು ಹೋಗಿ ಬರುತ್ತೇನೆ" ಅನ್ನಿ.

ಹುಳಿ, ಬದನೆ, ಮೊಸರು, ಬೇಳೆ ಬಿಡಬೇಕಾಗಿಲ್ಲ. ಬೇಳೆ ತಿಂದರೆ ಗಂಟು ಹಿಡಿಯುತ್ತದೆ ಅನ್ನುವ ಮಾತು ಯೂರಿಕ್ ಆಸಿಡ್ ಕಾಯಿಲೆಯ ಜೊತೆ ಕಲಸಿಹೋಗಿ ಬಂದದ್ದು. ಯಾವುದೋ ಒಂದು ತಿಂದಾಗಲೆಲ್ಲ ನೋವು ಏರುತ್ತದೆ ಅಂತ ನಿಮಗೇ ಅನಿಸಿದರೆ ಅದೊಂದನ್ನು ಬಿಡಿ, ಅಷ್ಟೆ. ಮಗಳ ಬಗ್ಗೆ: ಮನೆಯಲ್ಲಿ ಒಬ್ಬರಿಗೆ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಆದರೆ ಈ ಕಾಯಿಲೆ ಇರುವ ತಾಯಂದಿರ ಮಕ್ಕಳಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಏನೂ ತೊಂದರೆ ಇಲ್ಲದ ಹುಡುಗಿಗೆ ಈಗಲೇ ಪರೀಕ್ಷೆ ಮಾಡಿಸಬೇಡಿ.

ಮಳೆಗಾಲದಲ್ಲಿ ಒಂದು ಎಚ್ಚರಿಕೆ. ನಿಮ್ಮ ಮಾತ್ರೆ ರೋಗ ತಡೆಯುವ ಶಕ್ತಿಯನ್ನು ಸ್ವಲ್ಪ ತಗ್ಗಿಸುತ್ತದೆ. ರಸ್ತೆಯಲ್ಲಿ ನಿಂತ ನೀರಲ್ಲಿ ನಡೆದಿದ್ದು ಆಮೇಲೆ ಜ್ವರ ಬಂದರೆ ಅದು ಲೆಪ್ಟೊ (ಇಲಿಜ್ವರ) ಆಗಿರಬಹುದು, ಡೆಂಗಿಯೂ ಆಗಿರಬಹುದು. ಮನೆಯಲ್ಲೇ ಕಾಯುತ್ತಾ ಕೂರಬೇಡಿ, ಅವತ್ತೇ ತೋರಿಸಿ, ಆ ವಾರದ ಮೆಥೊಟ್ರೆಕ್ಸೇಟ್ ನುಂಗುವ ಮೊದಲು ಕೇಳಿ. ಜ್ವರ, ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೊಫಿನಾಕ್ ತಂದು ನುಂಗುವುದು ಬೇಡವೇ ಬೇಡ, ಹೊಟ್ಟೆಗೂ ಕಿಡ್ನಿಗೂ ಹೊರೆ, ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯ ಬೇರೆ.

ಕೂಗಾಡುವುದು, ಅಳುವುದು. ದಿನಾ ನೋವು ತಿನ್ನುವವರಲ್ಲಿ ಮನಸ್ಸು ಕುಸಿಯುವುದು ತುಂಬಾ ಸಾಮಾನ್ಯ, ಇದಕ್ಕೂ ಚಿಕಿತ್ಸೆ ಇದೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಅಂತಿದ್ದರೆ ಕೀಲಿನ ಡಾಕ್ಟರಿಗೇ ಹೇಳಿ, ಅವರು ಸರಿಯಾದ ಕಡೆ ಕಳಿಸುತ್ತಾರೆ. ಬದುಕುವುದೇ ಬೇಡ ಅನಿಸಿದರೆ ಒಂದು ದಿನವೂ ತಡೆಯಬೇಡಿ, ಯಜಮಾನರಿಗೆ ಹೇಳಿ ಅವತ್ತೇ ಆಸ್ಪತ್ರೆಗೆ ಹೋಗಿ. ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಬಿಡಿಸಿ ಹೇಳಿ: ಅಮ್ಮನಿಗೆ ಬೆಳಿಗ್ಗೆ ಕೈ ಆಡುವುದಿಲ್ಲ, ಆಗ ಸಿಟ್ಟು ಬರುತ್ತದೆ, ನಿಮ್ಮ ತಪ್ಪಲ್ಲ. ಮಕ್ಕಳಿಗೆ ಕಾರಣ ಗೊತ್ತಿಲ್ಲದಿದ್ದರೆ ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ, ಅಲ್ವಾ. ಯಜಮಾನರಿಗೂ ಒಂದು ಮಾತು: ವಾರದ ರಜೆಯ ದಿನ ಬೆಳಗ್ಗೆಯ ಅಡುಗೆಮನೆ ನಿಮ್ಮದು, ಪ್ಲಂಬರನ್ನು ಹಿಡಿದು ತರುವುದೂ ನಿಮ್ಮದೇ.

ಪ್ರಶ್ನೆ: ಪುಣೆಯ ಪಿಂಪ್ರಿಯಲ್ಲಿ ಇದ್ದೇವೆ. ನನಗೆ 31, ಇದೇ ಕಾಯಿಲೆ, ಮೆಥೊಟ್ರೆಕ್ಸೇಟ್ ಜೊತೆ ಹೈಡ್ರಾಕ್ಸಿಕ್ಲೋರೊಕ್ವಿನ್ ತಗೊಳ್ಳುತ್ತೇನೆ. ನಾಲ್ಕು ವರ್ಷದ ಮಗ ಇದ್ದಾನೆ. ಎರಡನೇ ಮಗು ಬೇಕು ಅಂತಿದೆ. ಅಮ್ಮ ಎಲ್ಲಾ ಮಾತ್ರೆ ನಿಲ್ಲಿಸು ಅನ್ನುತ್ತಾರೆ.

ಉತ್ತರ: ಎಲ್ಲವನ್ನೂ ಅಲ್ಲ, ನೀವಾಗಿಯೂ ಅಲ್ಲ. ಮೆಥೊಟ್ರೆಕ್ಸೇಟ್‌ನಿಂದ ಗರ್ಭಪಾತ ಆಗಬಹುದು, ಮಗುವಿಗೆ ಅಂಗದೋಷ ಬರಬಹುದು. ಹಾಗಾಗಿ ಅದನ್ನು ತಿಂಗಳುಗಳ ಮೊದಲೇ ನಿಲ್ಲಿಸಬೇಕು, ಡಾಕ್ಟರು ಸರಿ ಅನ್ನುವವರೆಗೆ ಗರ್ಭನಿರೋಧಕ ಬಿಡಬಾರದು. ಹೈಡ್ರಾಕ್ಸಿಕ್ಲೋರೊಕ್ವಿನ್ ಬಸುರಿಯಲ್ಲೂ ಮುಂದುವರಿಸಬಹುದಾದ ಔಷಧಿ, ಬೇಕಿದ್ದರೆ ಸಲ್ಫಾಸಲಜಿನ್ ಸೇರಿಸುತ್ತಾರೆ. ಹೊಸ ಔಷಧಿಯಲ್ಲಿ ಕಾಯಿಲೆ ಕೆಲವು ತಿಂಗಳು ತಣ್ಣಗಿದ್ದರೆ ಮುಂದಿನ ಹೆಜ್ಜೆ. ಮುಂದಿನ ಭೇಟಿಯಲ್ಲೇ ವಿಷಯ ಎತ್ತಿ, ಮುಟ್ಟು ತಪ್ಪಿದ ಮೇಲೆ ಅಲ್ಲ.

ಬಸುರಿಯಲ್ಲಿ ತುಂಬಾ ಜನಕ್ಕೆ ನೋವು ತಾನಾಗಿಯೇ ತಗ್ಗುತ್ತದೆ. ತಿರುಗಿ ಬರುವುದು ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿ, ರಾತ್ರಿ ನಿದ್ದೆ ಇಲ್ಲದೆ ಮಗು ಎತ್ತಿಕೊಳ್ಳಬೇಕಾದ ಹೊತ್ತಲ್ಲಿ. ಅಮ್ಮ ಊರಿಂದ ಬರುವುದಾದರೆ ಏಳನೇ ತಿಂಗಳಿಗೇ ಬಂದು ಬಾಣಂತನ ಮುಗಿಸಿ ಹೊರಟುಬಿಡುವುದು ಬೇಡ, ಹೆರಿಗೆಯ ಹೊತ್ತಿಗೆ ಬಂದು ಆಮೇಲೆ ಆರು ತಿಂಗಳು ಇರುವ ಹಾಗೆ ಈಗಲೇ ಮಾತಾಡಿಕೊಳ್ಳಿ.